ಓಕಿನಾವಾದ ನೀಲಿ ಗುಹೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಜಪಾನಿನ ಓಕಿನಾವಾ ದ್ವೀಪದ ಪಶ್ಚಿಮ ದಂಡೆಯಲ್ಲಿ ಒನ್ನಾ ಎಂಬ ಊರಿದೆ. ಅಲ್ಲಿನ ಮಾಏದಾ ಭೂಶಿರದ ಸುಣ್ಣಕಲ್ಲಿನ ಬಂಡೆಯಡಿಯಲ್ಲಿ ಸಮುದ್ರ ಕೊರೆದ ಗುಹೆಯೇ ಈ ‘ನೀಲಿ ಗುಹೆ’. ಮುಖ ನೀರಿನಲ್ಲಿಟ್ಟು ಕೊಳವೆಯಿಂದ ಉಸಿರಾಡುತ್ತ ತೇಲುವ ಸ್ನಾರ್ಕೆಲಿಂಗಿಗೂ ಗಾಳಿಯ ಸಿಲಿಂಡರ್ ಕಟ್ಟಿ ಆಳಕ್ಕಿಳಿಯುವ ಡೈವಿಂಗಿಗೂ ಜಪಾನಿನಲ್ಲಿ ಇಷ್ಟು ಜನ ಸೇರುವ ಜಾಗಗಳು ಕಡಿಮೆ. ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ಡಿಸೆಂಬರ್ ಕೊನೆಗೆ ಮಕ್ಕಳಿಗೆ ರಜೆ. ಓಕಿನಾವಾದಲ್ಲಿ ಎರಡೇ ದಿನ ಇರುತ್ತೇವೆ. ಗುಹೆ ನೋಡಲು ಸಾಧ್ಯವೇ? (ಓದುಗರು, ಬೆಂಗಳೂರು)

ಸಾಧ್ಯ, ಆದರೆ ನಂಬಿಕೊಂಡು ಹೋಗಬೇಡಿ. ಮಾಏದಾ ಭೂಶಿರ ಪೂರ್ವ ಚೀನಾ ಸಮುದ್ರಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಅಲ್ಲಿ ಉತ್ತರದ ಗಾಳಿ ದಿನಗಟ್ಟಲೆ ಬೀಸುತ್ತದೆ, ಅಲೆಗಳು ನೇರವಾಗಿ ಬಂಡೆಗೆ ಬಂದು ಬಡಿಯುತ್ತವೆ. ಆಗ ಕೆಂಪು ಬಾವುಟ ಏರಿಸಿ ನೀರಿಗಿಳಿಯುವ ಮೆಟ್ಟಿಲನ್ನೇ ಮುಚ್ಚುತ್ತಾರೆ. ಬಿಸಿಲು ಕಾಯುತ್ತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಆದರೂ ಇಳಿಯುವಂತಿಲ್ಲ. ಅಲ್ಲಿಯವರೆಗೆ ಹೋಗಿ ಸಿಟ್ಟಾಗುವವರು ಹೆಚ್ಚಾಗಿ ಮಳೆಯ ಮುನ್ಸೂಚನೆ ನೋಡಿ, ಗಾಳಿಯ ದಿಕ್ಕು ನೋಡದೆ ಹೊರಟವರು. ಗಾಳಿ ದಕ್ಷಿಣದಿಂದಲೋ ಪೂರ್ವದಿಂದಲೋ ಇದ್ದರೆ ದ್ವೀಪವೇ ಅಡ್ಡ ನಿಲ್ಲುವುದರಿಂದ ಮಳೆಯಲ್ಲೂ ನೀರು ಶಾಂತವಾಗಿರಬಹುದು.

ಮಾಏದಾ ಭೂಶಿರದ ಅಧಿಕೃತ ಜಾಲತಾಣದಲ್ಲಿ ಆ ದಿನದ ಸ್ಥಿತಿ ಹಾಕುತ್ತಾರೆ. ಬೆಳಿಗ್ಗೆ ಹೋಟೆಲಿನಿಂದ ಹೊರಡುವ ಮೊದಲು ಅದನ್ನು ನೋಡಿ. ಇರುವ ಎರಡು ದಿನಗಳಲ್ಲಿ ಗುಹೆಯನ್ನು ಮೊದಲ ದಿನಕ್ಕೇ ಇಡಿ. ಮುಚ್ಚಿದ್ದರೆ ಎರಡನೆಯ ದಿನ ಉಳಿದಿರುತ್ತದೆ. ಎರಡೂ ದಿನ ಉತ್ತರದ ಗಾಳಿಯೇ ಇದ್ದರೆ ಮೊತೊಬು ಪರ್ಯಾಯ ದ್ವೀಪದ ‘ಗೊರಿಲ್ಲಾ ಚಾಪ್’ ಎಂಬ ತೀರಕ್ಕೆ ಕರೆದೊಯ್ಯಲು ನಿಮ್ಮ ಡೈವ್ ಶಾಪಿನ ಗೈಡನ್ನು ಕೇಳಿ. ಅಲ್ಲಿ ಗುಹೆಯಿಲ್ಲ, ಆದರೆ ಮರೆಯಿದೆ, ಮೀನಿದೆ.

ಫೆಬ್ರುವರಿಯ ಹೊತ್ತಿಗೆ ನೀರು 21-22 ಡಿಗ್ರಿಗೆ ಇಳಿಯುತ್ತದೆ. ನಮ್ಮ ಕರಾವಳಿಯ ನೀರಿಗೆ ಒಗ್ಗಿದ ಮೈಗೆ ಅದು ಚಳಿಯೇ. ಆ ತಿಂಗಳುಗಳಲ್ಲಿ ಮೈಗಂಟಿ ಬೆಚ್ಚಗಿಡುವ, 5 ಮಿ.ಮೀ. ದಪ್ಪದ ವೆಟ್‌ಸೂಟ್ ಬೇಕು. ಆಗಸ್ಟಿನಲ್ಲಿ ನೀರು 28-29 ಡಿಗ್ರಿ ಇರುತ್ತದೆ, 3 ಮಿ.ಮೀ. ಸಾಕು. ಆದರೆ ಆಗ ಚಂಡಮಾರುತದ ಕಾಟ. ಗುಹೆಯೇ ಮುಖ್ಯ ಉದ್ದೇಶವಾದರೆ ಮೇ ನಡುವಿನಿಂದ ಅಕ್ಟೋಬರ್‌ವರೆಗೆ ಹೋಗಿ, ಒಂದು ದಿನ ಹೆಚ್ಚಿಗೆ ಕೈಯಲ್ಲಿಟ್ಟುಕೊಳ್ಳಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಅಲ್ಲಿನ ಸಾಲು ರಜೆ ಮತ್ತು ಆಗಸ್ಟ್ ನಡುವಿನ ಓಬೊನ್ ಹಬ್ಬ ಬೇಡ. ಆ ದಿನಗಳಲ್ಲಿ ಗುಹೆಯೊಳಗೆ ನೀರಿಗಿಂತ ಕಾಲುಗಳೇ ಹೆಚ್ಚು ಕಾಣುತ್ತವೆ. ಯಾವ ತಿಂಗಳಾದರೂ ದಿನದ ಮೊದಲ ತಂಡದಲ್ಲಿ ಹೆಸರು ಬರೆಸಿ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಹೆಂಡತಿ, ಮಗ ಈಜುತ್ತಾರೆ. ನಾನು ದಡದಲ್ಲೇ ಕೂರಬೇಕೇ? (ಓದುಗರು, ಹುಬ್ಬಳ್ಳಿ)

ಕೂರಬೇಕಾಗಿಲ್ಲ. ಲೈಫ್ ಜಾಕೆಟ್ ಕಟ್ಟಿದ ಮೇಲೆ ಮುಳುಗುವ ಪ್ರಶ್ನೆ ಇಲ್ಲ. ಗೈಡ್ ಒಂದು ತೇಲುವ ರಿಂಗ್ ಕೊಡುತ್ತಾನೆ, ಅದನ್ನು ಹಿಡಿದರೆ ಗುಹೆಯವರೆಗೆ ಎಳೆದುಕೊಂಡು ಹೋಗುತ್ತಾನೆ. ಮೆಟ್ಟಿಲ ಬುಡದಿಂದ ಹತ್ತು ನಿಮಿಷದೊಳಗಿನ ದಾರಿ.

ಈಜು ಬಾರದವರಿಗೆ ತೊಂದರೆ ಬರುವುದು ಬೇರೆ ಕಡೆಯಿಂದ. ಸ್ನಾರ್ಕೆಲ್ ಕೊಳವೆಗೆ ಒಂದು ಗುಟುಕು ನೀರು ನುಗ್ಗಿತು, ಕೆಮ್ಮು ಬಂತು, ಮಾಸ್ಕ್ ಕಿತ್ತರು, ಮೂಗಿಗೂ ನೀರು ಹೋಯಿತು, ಉಸಿರಾಟ ಓಡತೊಡಗಿತು. ಇಷ್ಟು ನಡೆಯಲು ಅರ್ಧ ನಿಮಿಷ ಸಾಕು. ಹಾಗಾಗಿ ಈಜು ಕಲಿಯಲು ಸಮಯವಿಲ್ಲದಿದ್ದರೂ ಇದನ್ನಾದರೂ ಊರಿನ ಈಜುಕೊಳದಲ್ಲಿ ಕಲಿತು ಹೋಗಿ. ಸೊಂಟದಷ್ಟು ನೀರಿನಲ್ಲಿ ನಿಂತು, ಮಾಸ್ಕ್ ಹಾಕಿ, ಮುಖ ಮುಳುಗಿಸಿ ಹತ್ತು ನಿಮಿಷ ಬಾಯಿಯಿಂದಲೇ ಉಸಿರಾಡಿ. ಆಮೇಲೆ ಬೇಕೆಂದೇ ತಲೆ ಬಗ್ಗಿಸಿ ಕೊಳವೆಗೆ ನೀರು ತುಂಬಿಸಿ, ತಲೆ ಎತ್ತದೆ ಒಂದೇ ಸಲ ‘ತೂ’ ಎಂದು ಜೋರಾಗಿ ಊದಿ ಹೊರಹಾಕಿ. ಊದಿದ ಮೇಲಿನ ಮೊದಲ ಉಸಿರನ್ನು ಮೆಲ್ಲಗೆ ಎಳೆಯಬೇಕು, ತಳದಲ್ಲಿ ಸ್ವಲ್ಪ ನೀರು ಉಳಿದಿರುತ್ತದೆ. ಇಪ್ಪತ್ತು ಸಲ ಮಾಡಿದರೆ ಹೆದರಿಕೆ ಅರ್ಧಕ್ಕರ್ಧ ಇಳಿಯುತ್ತದೆ.

ಇಡೀ ಮುಖ ಮುಚ್ಚುವ ಮಾಸ್ಕ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳಬೇಡಿ. ಒಳಗೆ ನೀರು ಬಂದರೆ ಬಾಯಿಯಿಂದ ಉಗುಳಿ ಬಿಡುವಂತಿಲ್ಲ, ಇಡೀ ಮಾಸ್ಕ್ ಕೀಳಬೇಕು. ಕಳಪೆ ವಿನ್ಯಾಸವಾದರೆ ಬಿಟ್ಟ ಉಸಿರೇ ಮತ್ತೆ ಒಳಗೆ ಬರುತ್ತದೆ.

ಇನ್ನೊಂದು ಮಾತು. ಮೊದಲ ಸಲದವರಿಗಾಗಿ ಇರುವ ಟ್ರೈ ಡೈವ್ ಕೆಲವರಿಗೆ ಸ್ನಾರ್ಕೆಲಿಂಗಿಗಿಂತ ಹಗುರವೆನಿಸುತ್ತದೆ. ಕೆಳಗೆ ಅಲೆ ಮುಖಕ್ಕೆ ಹೊಡೆಯುವುದಿಲ್ಲ, ಗೈಡ್ ಕೈ ಬಿಡುವುದಿಲ್ಲ, ಗಾಳಿ ಬಾಯಲ್ಲೇ ಇರುತ್ತದೆ. ಅದನ್ನು ಮನೆ ಹತ್ತಿರವೇ ನೋಡಬೇಕೆಂದರೆ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ಇದೆ. ಮಳೆಗಾಲ ಬಿಟ್ಟು ಅಕ್ಟೋಬರಿನಿಂದ ಮೇವರೆಗೆ ಅಲ್ಲಿ ಡೈವಿಂಗ್ ನಡೆಯುತ್ತದೆ.

ಪ್ರಶ್ನೆ: ಅಮ್ಮನಿಗೆ ಮಂಡಿ ನೋವು. ಮೆಟ್ಟಿಲ ದಾರಿಯೋ, ಬೋಟೋ? (ಓದುಗರು, ದಾವಣಗೆರೆ)

ಬೋಟ್. ಬಂಡೆಯ ಮೇಲಿನಿಂದ ನೀರಿಗೆ ನೂರರ ಆಸುಪಾಸು ಕಡಿದಾದ ಮೆಟ್ಟಿಲುಗಳಿವೆ. ಇಳಿಯುವುದಕ್ಕಿಂತ, ಒದ್ದೆ ಮೈಯಲ್ಲಿ ದಣಿದು ಹತ್ತುವುದು ಕಷ್ಟ. ಡೈವಿಂಗ್ ಮಾಡುವವರು ಸಿಲಿಂಡರ್, ಸೀಸದ ಬೆಲ್ಟ್ ಎಲ್ಲ ಸೇರಿ 20 ಕಿಲೋ ಮೀರಿದ ಭಾರ ಹೊತ್ತು ಇದೇ ಮೆಟ್ಟಿಲಲ್ಲಿ ಓಡಾಡಬೇಕು. ಬುಡದಲ್ಲಿ ಪಾಚಿ ಹಿಡಿದ ಕಲ್ಲುಗಳಿವೆ, ಚಪ್ಪಲಿ ನಿಲ್ಲುವುದಿಲ್ಲ, ದಪ್ಪ ಅಟ್ಟೆಯ ಮೆರೈನ್ ಬೂಟ್ ಬೇಕು. ಹತ್ತಿರದ ಮೀನುಗಾರಿಕಾ ಬಂದರಿನಿಂದ ಹೊರಡುವ ಬೋಟ್ ಕೆಲವೇ ನಿಮಿಷದಲ್ಲಿ ಗುಹೆಯ ಎದುರಿಗೆ ತಲುಪಿಸುತ್ತದೆ, ಹಣ ಸ್ವಲ್ಪ ಹೆಚ್ಚು. ವಾಂತಿಯಾಗುವವರು ಮಾತ್ರೆಯನ್ನು ಹತ್ತುವ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ. ಆದರೆ ಮಂಪರು ಬರಿಸುವ ಮಾತ್ರೆ ನುಂಗಿ ಸಿಲಿಂಡರ್ ಕಟ್ಟಬೇಡಿ.

ಮೆಟ್ಟಿಲ ದಾರಿಯನ್ನೇ ಆರಿಸಿದವರು ನೂರು ಯೆನ್ ನಾಣ್ಯಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ಪಾರ್ಕಿಂಗ್, ಲಾಕರ್, ಷವರ್ ಎಲ್ಲಕ್ಕೂ ಬೇಕಾಗುತ್ತದೆ.

ಪ್ರಶ್ನೆ: ಚಿತ್ರಗಳಲ್ಲಿ ಕಾಣುವ ಆ ನೀಲಿ ಕಂಪ್ಯೂಟರಿನಲ್ಲಿ ಬಳಿದದ್ದೇ? ನಮ್ಮ ನೆಂಟರು ಹೋಗಿ ಬಂದು ‘ಬರೀ ಕತ್ತಲೆ’ ಎಂದರು. (ಓದುಗರು, ಮೈಸೂರು)

ನಿಮ್ಮ ನೆಂಟರು ಬಹುಶಃ ಗುಹೆಯ ಒಳಗೋಡೆಯ ಕಡೆಗೆ ಮುಖ ಮಾಡಿಯೇ ಇದ್ದರು. ಒಳಗೆ ಹೋದ ಮೇಲೆ ತಿರುಗಿ, ಬಂದ ಬಾಯಿಯ ಕಡೆಗೆ ನೋಡಬೇಕು. ನೀರಿನಡಿಯಿಂದ ನುಗ್ಗುವ ಬಿಸಿಲು ತಳದ ಬಿಳಿ ಸುಣ್ಣಕಲ್ಲು, ಮರಳಿಗೆ ತಾಗಿ ಮೇಲಕ್ಕೆ ಬರುತ್ತದೆ. ಆ ದಾರಿಯಲ್ಲಿ ನೀರು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನೀಲಿ ಉಳಿಯುತ್ತದೆ. ಸುತ್ತ ಕತ್ತಲೆ ಇರುವುದರಿಂದ ಆ ನೀಲಿ ಇನ್ನೂ ಉರಿಯುತ್ತದೆ. ಬಿಸಿಲಿನಿಂದ ಬಂದ ಕಣ್ಣಿಗೆ ಕತ್ತಲೆ ಹೊಂದಲು ಎರಡು ಮೂರು ನಿಮಿಷ ಬೇಕು, ಅವಸರದ ತಂಡಗಳು ಅಷ್ಟರಲ್ಲಿ ಹೊರಗೆ ಬಂದಿರುತ್ತವೆ. ಮೋಡವಿದ್ದರೆ ಬಣ್ಣ ಮಂಕಾಗುತ್ತದೆ, ಮಾಯವಾಗುವುದಿಲ್ಲ.

ಫೋಟೋಗೆ ಫ್ಲ್ಯಾಶ್ ಹಾಕಬೇಡಿ. ಫ್ಲ್ಯಾಶ್ ಹಾಕಿದರೆ ಹತ್ತಿರದ ನೀರಿನ ಕಸವೆಲ್ಲ ಬಿಳಿ ಚುಕ್ಕೆಯಾಗಿ ಬರುತ್ತದೆ, ನೀಲಿ ಸಾಯುತ್ತದೆ. ಕ್ಯಾಮೆರಾ ಗುಹೆಯ ಒಳಭಾಗದಲ್ಲಿ, ಅದರ ಎದುರಿಗೆ ನೀವು, ನಿಮ್ಮ ಹಿಂದೆ ಗುಹೆಯ ಬಾಯಿ: ಹೀಗೆ ನಿಂತರೆ ನೀಲಿಯ ಮುಂದೆ ಕಪ್ಪು ಆಕೃತಿ ಸಿಗುತ್ತದೆ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕುವವರು ಹಿಂದಿನ ರಾತ್ರಿ ಚೀಲದೊಳಗೆ ಟಿಶ್ಯೂ ಕಾಗದವಿಟ್ಟು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಅದುಮಿಟ್ಟು ನೋಡಿ.

ಪ್ರಶ್ನೆ: ನೇತ್ರಾಣಿಯಲ್ಲಿ ಕಿವಿ ತುಂಬ ನೋಯ್ದು ಅರ್ಧಕ್ಕೇ ಮೇಲೆ ಬಂದೆ. ಓಕಿನಾವಾದಲ್ಲೂ ಹಾಗೇ ಆದರೆ? (ಓದುಗರು, ಉಡುಪಿ)

ಅರ್ಧಕ್ಕೆ ಬಂದದ್ದು ಸರಿಯಾಯಿತು. ಆ ನೋವು ಆಮೇಲೂ ಉಳಿದಿದ್ದರೆ ಅಥವಾ ಕಿವಿ ಮಂದವಾಗಿದ್ದರೆ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ.

ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಆದರೆ ಕಿವಿಗೆ ಹೆಚ್ಚು ಕಷ್ಟ ಕೊಡುವುದು ಮೊದಲ ಮೂರು ಮೀಟರ್, ಒಳಗಿನ ಗಾಳಿ ಕುಗ್ಗುವ ವೇಗ ಅಲ್ಲಿ ಅತಿ ಹೆಚ್ಚು. ಬಹುತೇಕರು ನೋವು ಬಂದ ಮೇಲೆ ಮೂಗು ಹಿಡಿದು ಊದುತ್ತಾರೆ. ಆಗ ತಡವಾಗಿರುತ್ತದೆ, ಗಂಟಲಿನಿಂದ ಕಿವಿಗೆ ಹೋಗುವ ನಾಳ ಒತ್ತಡಕ್ಕೆ ಅಂಟಿಕೊಂಡಿರುತ್ತದೆ, ಎಷ್ಟು ಊದಿದರೂ ತೆರೆಯುವುದಿಲ್ಲ. ಜೋರು ಮಾಡಿದರೆ ಒಳಕಿವಿಗೇ ಪೆಟ್ಟಾಗಬಹುದು. ನೀರಿನ ಮೇಲಿರುವಾಗಲೇ ಒಮ್ಮೆ ಮೂಗು ಹಿಡಿದು ಮೆಲ್ಲಗೆ ಊದಿ ‘ಟಪ್’ ಎನ್ನಿಸಿಕೊಳ್ಳಿ. ಕಾಲು ಕೆಳಗೆ, ತಲೆ ಮೇಲೆ ಇರುವಂತೆ ಹಗ್ಗ ಹಿಡಿದು ಇಳಿಯಿರಿ. ಅರ್ಧ ಅರ್ಧ ಮೀಟರಿಗೆ ಒಮ್ಮೆ ಮಾಡಿ. ಊದಿದರೆ ಆಗದವರಿಗೆ ಮೂಗು ಹಿಡಿದು ಉಗುಳು ನುಂಗಿದರೆ ಆಗುತ್ತದೆ. ಬಿಗಿಯಾಯಿತೆನಿಸಿದ ಕೂಡಲೇ ಗೈಡ್‌ಗೆ ಕಿವಿ ತೋರಿಸಿ, ಅಂಗೈಯನ್ನು ಅತ್ತಿತ್ತ ಆಡಿಸಿ. ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ನಾಚಿಕೆಯಿಂದ ತಡೆದುಕೊಳ್ಳಬೇಡಿ.

ನೆಗಡಿ ಇದ್ದರೆ ಆ ದಿನ ಡೈವಿಂಗ್ ಇಲ್ಲ. ಮೂಗು ಬಿಡಿಸುವ ಔಷಧಿ ಹಾಕಿಕೊಂಡು ಇಳಿದರೆ ಅದರ ಪರಿಣಾಮ ಕೆಳಗಿರುವಾಗಲೇ ಮುಗಿದು, ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅದು ಇಳಿಯುವಾಗಿನ ನೋವಿಗಿಂತ ಕೆಟ್ಟದ್ದು. ಸ್ನಾರ್ಕೆಲಿಂಗಿಗೆ ಈ ಯಾವ ತಾಪತ್ರಯವೂ ಇಲ್ಲ, ನೀಲಿಯೂ ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಕಿವಿ ಸಹಕರಿಸದವರು ಡೈವಿಂಗಿಗಾಗಿ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಡೈವ್ ಮಾಡುವ ಎಲ್ಲರಿಗೂ ಒಂದೇ ಕಡ್ಡಾಯ: ನೀರಿನಡಿ ಉಸಿರು ಕಟ್ಟಬಾರದು. ಹತ್ತು ಮೀಟರಿನಲ್ಲಿ ಎಳೆದ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಅದು ಎದೆಯಲ್ಲಿ ಎರಡರಷ್ಟಾಗಲು ಹೊರಟು ಶ್ವಾಸಕೋಶವನ್ನು ಹರಿಯಬಹುದು.

ಪ್ರಶ್ನೆ: ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ಈಗ ಏನೂ ಇಲ್ಲ. ಫಾರ್ಮಿನಲ್ಲಿ ಬರೆಯಬೇಕೇ? (ಓದುಗರು, ಕಲಬುರಗಿ)

ಬರೆಯಲೇಬೇಕು. ಡೈವಿಂಗಿಗೆ ಮೊದಲು ಕೊಡುವ ಆರೋಗ್ಯದ ಪಟ್ಟಿಯಲ್ಲಿ ಉಬ್ಬಸ, ಹೃದಯ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭ ಮುಂತಾದ ಪ್ರಶ್ನೆಗಳಿರುತ್ತವೆ. ಒಂದಕ್ಕೆ ‘ಹೌದು’ ಎಂದರೂ ವೈದ್ಯರ ಪತ್ರವಿಲ್ಲದೆ ಇಳಿಸದಿರುವುದು ಅಲ್ಲಿನ ರೂಢಿ, ಹಣ ಕಟ್ಟಿದ್ದೇನೆಂದು ವಾದಿಸಿ ಪ್ರಯೋಜನವಿಲ್ಲ. ಬುಕ್ ಮಾಡುವಾಗಲೇ ಆ ಪಟ್ಟಿ ತರಿಸಿಕೊಂಡು, ಊರಿನ ವೈದ್ಯರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಸಿಕೊಂಡು ಹೋಗಿ. ಟ್ರೈ ಡೈವಿಗೆ ಮಕ್ಕಳಿಗೆ ಕನಿಷ್ಠ 10 ವರ್ಷ ತುಂಬಿರಬೇಕು.

ಡೈವ್ ಶಾಪ್ ಆರಿಸುವಾಗ ಓಕಿನಾವಾ ಪ್ರಾಂತ್ಯದ ಸಾರ್ವಜನಿಕ ಸುರಕ್ಷಾ ಆಯೋಗ ಕೊಡುವ ‘ಮಾರು ಯೂ’ ಎಂಬ ಸುರಕ್ಷತಾ ಮಾನ್ಯತೆ ಇದೆಯೇ ಕೇಳಿ. ಒಬ್ಬ ಗೈಡ್‌ಗೆ ಎಷ್ಟು ಜನ ಎಂಬುದನ್ನೂ ಕೇಳಿ. ಮೊದಲ ಸಲದ ಡೈವಿಗೆ ಇಬ್ಬರಿಗಿಂತ ಹೆಚ್ಚು ಜನರನ್ನು ಒಬ್ಬನೇ ಒಯ್ಯುವ ಕಡೆಗೆ ನಮ್ಮ ಮತವಿಲ್ಲ.

ಪ್ರಶ್ನೆ: ಕನ್ನಡಕ, ಮೀಸೆ, ಉದ್ದ ಜಡೆ: ಮನೆಯಲ್ಲಿ ಮೂರೂ ಇವೆ! (ಓದುಗರು, ಶಿರಸಿ)

ಪವರ್ ಇರುವ ಮಾಸ್ಕ್ ಬಾಡಿಗೆಗೆ ಸಿಗುತ್ತದೆ, ನಿಮ್ಮ ಪವರ್ ಮುಂಚೆಯೇ ತಿಳಿಸಿ. ಮೀಸೆಯವರಿಗೆ ಮೂಗಿನ ಕೆಳಗೆ ನೀರು ಜಿನುಗುತ್ತದೆ. ಮಾಸ್ಕಿನ ಅಂಚು ಕೂರುವಷ್ಟು ಸಣ್ಣ ಪಟ್ಟಿ ಬೋಳಿಸಿದರೆ ಸಾಕು, ಇಡೀ ಮೀಸೆ ತ್ಯಾಗ ಮಾಡಬೇಕಿಲ್ಲ. ಜಡೆಯನ್ನು ಕತ್ತಿನ ಬಳಿ ಕೆಳಗೆ ಕಟ್ಟಿ, ಹಣೆಯ ಕೂದಲನ್ನೆಲ್ಲ ಹಿಂದೆ ಸರಿಸಿ. ಮಾಸ್ಕಿನೊಳಗೆ ಒಂದೆರಡು ಎಳೆ ಸಿಕ್ಕಿದರೂ ಸೋರುತ್ತದೆ. ಮಾಂಗಲ್ಯ ತೆಗೆಯದವರು ಅದನ್ನು ವೆಟ್‌ಸೂಟಿನ ಒಳಗೆ ಸೇರಿಸಿ. ಉಂಗುರ ಮಾತ್ರ ಹೋಟೆಲಿನಲ್ಲೇ ಇರಲಿ, ತಣ್ಣೀರಿಗೆ ಬೆರಳು ಸಣ್ಣಗಾಗಿ ಜಾರಿ ಹೋಗುತ್ತದೆ. ಹೊಸ ಮಾಸ್ಕ್ ಕೊಂಡವರು ಗಾಜಿನ ಒಳಬದಿಯನ್ನು ಬಿಳಿ ಟೂತ್‌ಪೇಸ್ಟಿನಲ್ಲಿ ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಕಾರ್ಖಾನೆಯ ಪೊರೆ ಹೋಗದೆ ಏನು ಮಾಡಿದರೂ ಮಂಜು ಕಟ್ಟುವುದು ನಿಲ್ಲುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಡೈವ್ ಮಾಡಿ ಸಂಜೆಯ ವಿಮಾನದಲ್ಲಿ ಟೋಕಿಯೋಗೆ ಹೋಗಬಹುದೇ? (ಓದುಗರು, ಮಂಗಳೂರು)

ಬೇಡ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಡಬೇಕು. ರಕ್ತದಲ್ಲಿ ಕರಗಿದ ಸಾರಜನಕ ವಿಮಾನದೊಳಗಿನ ಕಡಿಮೆ ಒತ್ತಡಕ್ಕೆ ಗುಳ್ಳೆಯಾಗಬಹುದು. ಸ್ನಾರ್ಕೆಲಿಂಗ್ ಮಾತ್ರ ಮಾಡಿದವರಿಗೆ ಈ ನಿರ್ಬಂಧವಿಲ್ಲ.

ಪ್ರಶ್ನೆ: ವಿಷಜಂತುಗಳು ಇವೆಯೇ? (ಓದುಗರು, ಚಿಕ್ಕಮಗಳೂರು)

ಓಕಿನಾವಾದ ನೀರಿನಲ್ಲಿ ಇವೆ. ಬೇಸಿಗೆಯಲ್ಲಿ ಹಬು ಕುರಾಗೆ ಎಂಬ ಪಾರದರ್ಶಕ ಜೆಲ್ಲಿ ಮೀನು ಬರುತ್ತದೆ. ಕುಟುಕಿದರೆ ಉಜ್ಜಬೇಡಿ, ಧಾರಾಳವಾಗಿ ವಿನೆಗರ್ ಸುರಿದು, ಎಳೆಗಳನ್ನು ಬಿಡಿಸಿ, ತಣ್ಣಗೆ ಮಾಡಿ. ಮೈತುಂಬ ಸೂಟ್ ಇದ್ದರೆ ಅಪಾಯ ಬಹಳ ಕಡಿಮೆ. ಕಲ್ಲುಮೀನು ಚುಚ್ಚಿದರೆ ಮಾತ್ರ ಚಿಕಿತ್ಸೆ ತದ್ವಿರುದ್ಧ: ಸುಡದಷ್ಟು ಬಿಸಿ, 40-45 ಡಿಗ್ರಿಯ ನೀರಿನಲ್ಲಿ ಅದ್ದಿಡಬೇಕು. ಎರಡಕ್ಕೂ ಆಮೇಲೆ ಆಸ್ಪತ್ರೆ ತಪ್ಪದು. ಶಂಕುವಿನಾಕಾರದ ಚಂದದ ಕಪ್ಪೆಚಿಪ್ಪು ಕಂಡರೆ ಎತ್ತಬೇಡಿ, ಒಳಗಿನ ಹುಳದ ಬಾಣಕ್ಕೆ ಮನುಷ್ಯ ಸತ್ತದ್ದುಂಟು.

ಬೇಸಿಗೆಯಲ್ಲಿ ಮೊಟ್ಟೆ ಕಾಯುವ ಟೈಟನ್ ಟ್ರಿಗರ್‌ಫಿಶ್ ಎಂಬ ಮೀನು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಅದರ ಸರಹದ್ದು ಗೂಡಿನಿಂದ ಮೇಲಕ್ಕೆ ಅಗಲವಾಗುತ್ತ ಹೋಗುವ ಆಲಿಕೆಯಂತೆ. ಹಾಗಾಗಿ ಮೇಲೆ ಹೋದರೆ ಅದರ ಜಾಗದಲ್ಲೇ ಇರುತ್ತೀರಿ. ಅಡ್ಡಲಾಗಿ ಈಜಿ, ಕಾಲಿಗೆ ಹಾಕಿದ ಫಿನ್ (ಈಜುರೆಕ್ಕೆ) ಅದರ ಕಡೆ ಇಟ್ಟುಕೊಂಡು ದೂರ ಸರಿಯಿರಿ.

ಮೀನಿಗೆ ತಿಂಡಿ ಹಾಕಲು ಕೊಟ್ಟರೆ ಬೇಡವೆನ್ನಿ. ತಿಂಡಿಗೆ ಅಭ್ಯಾಸವಾದ ಮೀನು ಬೆರಳು ಕಚ್ಚುತ್ತದೆ. ಸಮುದ್ರದಲ್ಲಿ ಅಪಘಾತವಾದರೆ ಕೋಸ್ಟ್ ಗಾರ್ಡಿಗೆ 118, ಆಂಬುಲೆನ್ಸಿಗೆ 119. ದಡದಲ್ಲಿ ಉಳಿಯುವವರ ಮೊಬೈಲಿನಲ್ಲಿ ಈ ಎರಡೂ ಇರಲಿ.