ಘಾಟಿ ಮುಂದಿದೆ, ಎಕ್ಸಾಸ್ಟ್ ಬ್ರೇಕ್ ಹಿಡಿಯುತ್ತಿಲ್ಲ: ಏನು ನೋಡಬೇಕು?

ಪ್ರಶ್ನೆ: ಹತ್ತು ಚಕ್ರದ ಲಾರಿ ಓಡಿಸುತ್ತೇನೆ, ಬಿಎಸ್-4 ಗಾಡಿ. ಹಾಸನದಿಂದ ಮಂಗಳೂರಿಗೆ ಲೋಡು. ಎಕ್ಸಾಸ್ಟ್ ಬ್ರೇಕ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ. ಮೊನ್ನೆ ಸಕಲೇಶಪುರ ದಾಟಿದ ಮೇಲೆ ಪೂರ್ತಿ ಕೈಕೊಟ್ಟಿತು. ಗ್ಯಾರೇಜ್ ಇಲ್ಲದ ಕಡೆ ನಾನು, ಕ್ಲೀನರ್ ಇಬ್ಬರೇ ಏನು ನೋಡಬಹುದು?
- ಒಬ್ಬ ಓದುಗರು, ಅರಸೀಕೆರೆ

ಉತ್ತರ: ಎಕ್ಸಾಸ್ಟ್ ಬ್ರೇಕ್ ಅಂದರೆ ಹೊಗೆ ಹೋಗುವ ಪೈಪನ್ನು ಒಂದು ತಟ್ಟೆಯಿಂದ ಮುಚ್ಚಿ, ಇಂಜಿನ್ನಿನಿಂದಲೇ ಗಾಡಿಯ ವೇಗ ತಗ್ಗಿಸುವ ಬ್ರೇಕ್. ಮೊದಲನೆಯದಾಗಿ ಇದನ್ನು ಘಾಟಿಯ ಮಧ್ಯೆ ನೋಡಲು ಹೋಗಬೇಡಿ. ಶಿರಾಡಿ ಇಳಿಯುವ ಗಾಡಿಯಾದರೆ ಮಾರನಹಳ್ಳಿಗೆ ಮುಂಚೆಯೇ, ರಸ್ತೆ ಸಮ ಇರುವ ಕಡೆ ಪಕ್ಕಕ್ಕೆ ಹಾಕಿ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಮರದ ತುಂಡು ಕೊಡಿ. ಕಲ್ಲು ಕೊಟ್ಟರೆ ಹೊರಡುವಾಗ ತೆಗೆದು ದೂರ ಹಾಕಿ ಮಾರಾಯ್ರೆ, ಹಿಂದೆ ಬರುವ ಬೈಕಿನವನ ಗತಿ ಏನು?

ಆಮೇಲೆ ಏರ್ ಗೇಜ್ ನೋಡಿ. 7-8 ಬಾರ್ ಹತ್ತಿರ ಇರಬೇಕು. ಇಂಜಿನ್ ಆಫ್ ಮಾಡಿದ ಮೇಲೆ ಮುಳ್ಳು ಸರಸರ ಇಳಿಯುತ್ತಿದ್ದರೆ ಎಕ್ಸಾಸ್ಟ್ ಬ್ರೇಕಿನ ಮಾತು ಬಿಡಿ, ಕಾಲಿನ ಬ್ರೇಕಿಗೂ ಬೇಕಾಗಿರುವುದು ಗಾಳಿಯೇ ಅಲ್ವಾ. ಲೀಕ್ ಸರಿಯಾಗುವ ತನಕ ಗಾಡಿ ಅಲ್ಲೇ ಇರಲಿ.

ಗಾಳಿ ಸರಿ ಇದ್ದರೆ ಇಂಜಿನ್ ಆಫ್, ಕೀ ಆನ್. ಕ್ಲೀನರ್ ಎಕ್ಸಾಸ್ಟ್ ಪೈಪ್ ಕಡೆ ನಿಲ್ಲಲಿ. ಟರ್ಬೊ ಆದ ಮೇಲೆ ಪೈಪಿನಲ್ಲಿ ಆ ತಟ್ಟೆ ಇರುವ ಒಂದು ವಾಲ್ವ್ ಇದೆ, ಅದರ ಪಕ್ಕ ಸಣ್ಣ ಏರ್ ಸಿಲಿಂಡರ್, ಒಂದು ಲಿವರ್. ನೀವು ಸ್ವಿಚ್ ಹಾಕಿ. ಸೊಲೆನಾಯ್ಡ್ (ಕರೆಂಟ್ ಬಂದಾಗ ಸಿಲಿಂಡರಿಗೆ ಗಾಳಿ ಬಿಡುವ ವಾಲ್ವ್) ‘ಟಕ್’ ಅಂತಾ? ಲಿವರ್ ತಿರುಗಿತಾ? ಸ್ವಿಚ್ ತೆಗೆದಾಗ ‘ಟುಸ್’ ಅಂತ ಗಾಳಿ ಬಿಟ್ಟು ವಾಪಸ್ ಬಂತಾ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಕೆಲವು ಗಾಡಿಗಳಲ್ಲಿ ಇಂಜಿನ್ ಓಡುತ್ತಿದ್ದರೆ ಮಾತ್ರ, ಅದೂ ಸ್ವಲ್ಪ ಆರ್‌ಪಿಎಂ ಇದ್ದರೆ ಮಾತ್ರ ಕರೆಂಟ್ ಬರುತ್ತದೆ. ಹಾಗಾದರೆ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿಯೇ ನೋಡಬೇಕು, ಆಗ ಕ್ಲೀನರ್ ಪಕ್ಕದಿಂದಲೇ ಬಗ್ಗಿ ನೋಡಲಿ, ಗಾಡಿ ಅಡಿಗೆ ಹೋಗುವುದು ಬೇಡ.

ಸದ್ದೇ ಇಲ್ಲ ಅಂದರೆ ಕರೆಂಟಿನ ಕೇಸು. ಫ್ಯೂಸ್ ನೋಡಿ. ನಂತರ ಜನ ನೋಡದೇ ಬಿಡುವ ಜಾಗ, ಕ್ಲಚ್ ಪೆಡಲ್ ಹತ್ತಿರದ ಸ್ವಿಚ್. ಕ್ಲಚ್ ಒತ್ತಿದಾಗ ಎಕ್ಸಾಸ್ಟ್ ಬ್ರೇಕ್ ಬಿಡಲಿ ಅಂತ ಅದನ್ನು ಇಟ್ಟಿರುತ್ತಾರೆ. ಅದರ ಪುಟ್ಟ ಗುಂಡಿಗೆ ಕೆಸರು ಮೆತ್ತಿಕೊಂಡರೆ, ಅಥವಾ ಮ್ಯಾಟ್ ಮೇಲೆ ಬಂದು ಪೆಡಲ್ ಪೂರ್ತಿ ವಾಪಸ್ ಬರದೇ ಹೋದರೆ, ನೀವು ಕ್ಲಚ್ ಮೇಲೆ ಕಾಲಿಟ್ಟಿದ್ದೀರಿ ಅಂತಲೇ ಗಾಡಿಗೆ ಲೆಕ್ಕ. ನಿಮ್ಮದು ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ ಅಂತೀರಲ್ಲ, ನನಗೆ ಮೊದಲ ಅನುಮಾನ ಇಲ್ಲೇ. ಆಕ್ಸಿಲರೇಟರ್ ಕಡೆಯೂ ಇದೇ ಕಥೆ. ಇವೆರಡೂ ಸರಿ ಇದ್ದರೆ ಸೊಲೆನಾಯ್ಡಿನ ವೈರ್ ಕಳಚಿ 24 ವೋಲ್ಟ್ ಬಲ್ಬ್ ಹಚ್ಚಿ. ಬಲ್ಬ್ ಉರಿದರೆ ಸೊಲೆನಾಯ್ಡ್ ಹೋಗಿದೆ, ಉರಿಯದಿದ್ದರೆ ಸ್ವಿಚ್, ವೈರಿಂಗ್ ಅಥವಾ ಅರ್ತಿಂಗ್.

‘ಟಕ್’ ಅಂದರೂ ಲಿವರ್ ಅಲ್ಲಾಡದಿದ್ದರೆ ಏರ್ ಪೈಪ್ ನೋಡಿ. ಎಕ್ಸಾಸ್ಟಿಗೆ ತಾಗಿ ನೈಲಾನ್ ಪೈಪ್ ಕರಗಿ ತೂತಾಗಿರುವುದು ತುಂಬಾ ಕಾಮನ್. ಪೈಪ್ ಚೆನ್ನಾಗಿದ್ದರೆ ಸಿಲಿಂಡರ್ ಒಳಗಿನ ಸೀಲ್ ಹೋಗಿರಬೇಕು, ಇಲ್ಲಾ ಮಸಿ ಕಟ್ಟಿ ಶಾಫ್ಟ್ ಜಾಮ್ ಆಗಿರಬೇಕು. ಪೈಪ್ ತಣ್ಣಗಾದ ಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಲಿವರನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ. ಬಿಸಿ ಪೈಪಿಗೆ ಸ್ಪ್ರೇ, ಡೀಸೆಲ್ ಯಾವುದೂ ಬೇಡ, ಬೆಂಕಿ ಹತ್ತುತ್ತೆ. ಸಾದಾ ಗ್ರೀಸ್ ಕೂಡ ಬೇಡ, ಸುಟ್ಟು ಇನ್ನಷ್ಟು ಮಸಿಯಾಗುತ್ತದೆ.

ಲಿವರ್ ಚೆನ್ನಾಗಿ ಆಡುತ್ತಿದೆ, ಆದರೂ ಗಾಡಿ ಹಿಡಿಯಲ್ಲ ಅಂದರೆ ಲಿವರ್ ಮತ್ತು ಶಾಫ್ಟ್ ತುದಿಯ ಮೇಲೆ ಸೇರಿಸಿ ಚಾಕ್‌ಪೀಸಿನಿಂದ ಒಂದು ಗೀಟು ಎಳೆಯಿರಿ. ಸ್ವಿಚ್ ಹಾಕಿದಾಗ ಗೀಟು ಎರಡು ತುಂಡಾಯಿತಾ? ಲಿವರ್ ಮಾತ್ರ ತಿರುಗುತ್ತಿದೆ, ಒಳಗಿನ ತಟ್ಟೆ ಇದ್ದಲ್ಲೇ ಇದೆ. ಬೋಲ್ಟ್ ಬಿಗಿ ಮಾಡಿದರೆ ಸಾಕಾಗಬಹುದು.

ಏನೂ ಸರಿಹೋಗಲಿಲ್ಲ, ಕಾಲಿನ ಬ್ರೇಕ್ ಪಕ್ಕಾ ಇದೆ ಅಂದರೆ ಸಣ್ಣ ಗೇರಿನಲ್ಲಿ ಇಳಿಯಬಹುದು. ಗೇರನ್ನು ಇಳಿಜಾರು ಶುರುವಾಗುವ ಮುಂಚೆಯೇ ಹಾಕಿಕೊಳ್ಳಿ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರಬೇಡಿ. ಸ್ಪೀಡ್ ಏರಿದಾಗ ಗಟ್ಟಿಯಾಗಿ ಒತ್ತಿ ಇಳಿಸಿ, ಮತ್ತೆ ಬಿಡಿ. ಲೈನರ್ ಸುಟ್ಟ ವಾಸನೆ ಬಂದರೆ ಜಾಗ ಸಿಕ್ಕ ಕಡೆ ನಿಲ್ಲಿಸಿ ಡ್ರಮ್ ಆರಲು ಬಿಡಿ, ನೀರು ಹಾಕಬೇಡಿ, ಡ್ರಮ್ ಬಿರುಕು ಬಿಡುತ್ತದೆ. ಲೋಡು ಜಾಸ್ತಿ ಇದ್ದು ಮಳೆಯೂ ಇದ್ದರೆ ನಾನಂತೂ ಇಳಿಯಿರಿ ಅನ್ನಲ್ಲ. ಓನರ್ ಬೈದರೆ ಬೈಯಲಿ.

ಪ್ರಶ್ನೆ: ನನ್ನದು ಉಲ್ಟಾ. ಸ್ವಿಚ್ ತೆಗೆದರೂ ಬ್ರೇಕ್ ಬಿಡಲ್ಲ. ಪಿಕಪ್ ಇಲ್ಲ, ಕಪ್ಪು ಹೊಗೆ, ಇಂಜಿನ್ ಹೀಟ್ ಆಗುತ್ತದೆ.
- ಇನ್ನೊಬ್ಬ ಓದುಗರು, ಚಿತ್ರದುರ್ಗ

ಉತ್ತರ: ತಟ್ಟೆ ಮುಚ್ಚಿಕೊಂಡೇ ಇದೆ, ಹೊಗೆ ಹೊರಗೆ ಹೋಗಲು ದಾರಿ ಇಲ್ಲ. ಹಾಗೇ ಎಳೆಯಬೇಡಿ. ಸೊಲೆನಾಯ್ಡ್ ಗಾಳಿ ಬಿಡುವ ತೂತು ಕೆಸರಿನಿಂದ ಮುಚ್ಚಿದೆಯಾ ನೋಡಿ, ಒಂದು ಕಡ್ಡಿಯಿಂದ ಬಿಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಇಲ್ಲದಿದ್ದರೆ ಸಿಲಿಂಡರಿನ ಏರ್ ಪೈಪನ್ನು ನಿಧಾನ ಸಡಿಲಿಸಿ ತೆಗೆಯಿರಿ. ಸ್ಪ್ರಿಂಗ್ ಎಳೆದು ಲಿವರ್ ತಾನೇ ವಾಪಸ್ ಬರಬೇಕು. ಬರದಿದ್ದರೆ ಜಾಮ್ ಆಗಿದೆ ಅಂತ ಅರ್ಥ, ಮೇಲೆ ಹೇಳಿದಂತೆ ಬಿಡಿಸಿ. ಬಿಟ್ಟ ಮೇಲೆ ತೆರೆದ ಸ್ಥಿತಿಯಲ್ಲೇ ತಂತಿಯಿಂದ ಕಟ್ಟಿ, ಪೈಪಿನಿಂದ ಗಾಳಿ ಬರುತ್ತಿದ್ದರೆ ತುದಿಯನ್ನು ಭದ್ರವಾಗಿ ಮುಚ್ಚಿ, ಗ್ಯಾರೇಜ್ ತನಕ ಹೋಗಿ. ಬಿಎಸ್-6 ಗಾಡಿಯಾದರೆ ಈ ತಂತಿ ಕಟ್ಟುವ ಕೆಲಸ ಬೇಡ, ಅದರಲ್ಲಿ ಎಕ್ಸಾಸ್ಟಿನ ಉಸ್ತುವಾರಿ ಎಲ್ಲಾ ಇಸಿಯು ಅನ್ನುವ ಗಾಡಿಯ ಕಂಪ್ಯೂಟರಿನದು, ಸರ್ವಿಸ್‌ನವರಿಗೆ ಫೋನ್ ಮಾಡಿ.

ಪ್ರಶ್ನೆ: ಎಕ್ಸಾಸ್ಟ್ ಬ್ರೇಕ್ ಹಾಕಿದರೆ ಡೀಸೆಲ್ ಜಾಸ್ತಿ ಕುಡಿಯುತ್ತದಂತೆ, ನಿಜವಾ?
- ಓದುಗರು, ಹುಬ್ಬಳ್ಳಿ

ಉತ್ತರ: ಸುಳ್ಳು. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪಂಪ್ ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಉಳಿತಾಯ ಅಂತಾರಲ್ಲ, ಅಲ್ಲಿ ಇಂಜಿನ್ ಐಡಲ್‌ಗೆ ಡೀಸೆಲ್ ಕುಡಿಯುತ್ತಲೇ ಇರುತ್ತದೆ, ಎಕ್ಸಾಸ್ಟ್ ಬ್ರೇಕೂ ಸಿಗಲ್ಲ.