ಸಹಿ ಹಾಕಿಸಿ ಆಯ್ತು, ಮುಂದೇನು?

ಪ್ರಶ್ನೆ: ರಸ್ತೆ ಅಗಲ ಮಾಡಲು ನಮ್ಮ ಬಡಾವಣೆಯ ಸಾಲುಮರ ಕಡಿಯುತ್ತಾರಂತೆ. ಸಹಿ ಹಾಕಿಸಿ ಮನವಿ ಕೊಟ್ಟೆವು. ಯಾರೂ ಕ್ಯಾರೇ ಅನ್ನುತ್ತಿಲ್ಲ. ಏನು ಮಾಡೋಣ?
– ಓದುಗರೊಬ್ಬರು, ತುಮಕೂರು

ಉತ್ತರ: ಮನವಿ ಯಾರಿಗೆ ಕೊಟ್ಟಿರಿ ಅಂತಲೇ ನೀವು ಬರೆದಿಲ್ಲ! ಶಾಸಕರಿಗೂ ಕೊಟ್ಟು, ಪಾಲಿಕೆಗೂ ಕೊಟ್ಟು ಸುಮ್ನೆ ಕೂತರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ ಅಷ್ಟೇ. ಮರ ಕಡಿಯಲು ಅನುಮತಿ ಕೊಡುವವರು ವೃಕ್ಷ ಅಧಿಕಾರಿ. ಮೊದಲು ಅವರನ್ನು ಹಿಡಿಯಿರಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಎಷ್ಟು ಮರ, ಯಾರು ಕೇಳಿದ್ದು, ಅನುಮತಿ ಆಗಿದೆಯಾ? ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು. ಹಾಗಾಗಿ ಗೋಳು ಬೇಡ, ಪ್ರಶ್ನೆ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು.

ಬೆಂಗಳೂರಿನ ಉಕ್ಕಿನ ಸೇತುವೆ ಯೋಜನೆ ನೆನಪಿದೆಯಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ., 812 ಮರಗಳಿಗೆ ಕೊಡಲಿ ಬೀಳುವುದಿತ್ತು. ಜನ ಕೇಳಿದ್ದು ಒಂದೇ ಮಾತು: 'ಬೇಡ'. ಟ್ರಾಫಿಕ್ಕು, ಕಸ, ಕೆರೆ ಎಲ್ಲ ಸೇರಿಸಿ ಕಲಸುಮೇಲೋಗರ ಮಾಡಲಿಲ್ಲ. 2016ರ ಅಕ್ಟೋಬರ್‌ನಲ್ಲಿ ರಸ್ತೆಯುದ್ದಕ್ಕೂ ಮಾನವ ಸರಪಳಿ ನಿಂತಿತು. ಇತ್ತ ಪರಿಸರದ ಮೊಕದ್ದಮೆ ನೋಡುವ ಹಸಿರು ನ್ಯಾಯಮಂಡಳಿಯಿಂದ ತಡೆಯಾಜ್ಞೆಯೂ ಬಂತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಬರೀ ಬೀದಿ ಗಲಾಟೆಯಿಂದ ಅದು ಆಗುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ರಸ್ತೆ ಬದಿಯ ಅಂಗಡಿಯವರನ್ನು ಮರೆಯಬೇಡಿ. ಜಾಗ ಹೋಗುವುದು ಅವರದ್ದೂ ಹೌದು. ಮತ್ತೆ, ಮನವಿಯ ಪ್ರತಿಗೆ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ.