ವೇಲ್ಸ್‌ನಿಂದ ಬಂದ ಹೆಸರಾಂತ ವ್ಯಕ್ತಿಗಳು ಯಾರು?

ಫುಟ್‌ಬಾಲ್ ಆಟಗಾರ ಗ್ಯಾರೆತ್ ಬೇಲ್ ಬಿಟ್ಟರೆ ವೇಲ್ಸ್‌ನವರು ಯಾರೂ ನನಗೆ ಗೊತ್ತಿಲ್ಲ, ಅದು ಇಂಗ್ಲೆಂಡಿನ ಒಂದು ಭಾಗ ತಾನೆ, ಅಲ್ಲಿ ಇನ್ಯಾರು ದೊಡ್ಡವರಿದ್ದಾರೆ ಅಂತ ಕೇಳಿದ್ದೀರಿ. ಮೊದಲು ಒಂದು ವಿಷಯ. ವೇಲ್ಸ್ ಬ್ರಿಟನ್ನಿನ ಭಾಗ, ಇಂಗ್ಲೆಂಡಿನದಲ್ಲ. ಅಲ್ಲಿನವರ ಎದುರು ಹಾಗೆ ಹೇಳಿದರೆ ನಿಜಕ್ಕೂ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಕೆಲಸದ ಮೇಲೆ ಮೂರು ವರ್ಷ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿದ್ದೆ, ರಜೆ ಸಿಕ್ಕಾಗೆಲ್ಲ ಊರೂರು ಸುತ್ತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕೆಲವರು ನಿಮಗೆ ಈಗಾಗಲೇ ಗೊತ್ತು, ಹೆಸರು ಮಾತ್ರ ಗೊತ್ತಿಲ್ಲ. ಲೆಕ್ಕದಲ್ಲಿ 'ಸಮ' ಅನ್ನಲು ಎರಡು ಅಡ್ಡಗೆರೆ ಎಳೆಯುತ್ತೇವಲ್ಲ, ಅದನ್ನು 1557ರಲ್ಲಿ ಮೊದಲು ಅಚ್ಚಿಗೆ ತಂದವರು ಟೆನ್‌ಬಿ ಊರಿನ ರಾಬರ್ಟ್ ರೆಕಾರ್ಡ್. ಇದಕ್ಕೆ ಇದು ಸಮ ಎಂದು ಪದೇ ಪದೇ ಬರೆಯುವುದು ಬೇಡ, ಒಂದೇ ಉದ್ದದ ಎರಡು ಗೆರೆಗಿಂತ ಸಮವಾದದ್ದು ಇನ್ಯಾವುದೂ ಇಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಮರುವರ್ಷವೇ ಲಂಡನ್ನಿನ ಜೈಲಿನಲ್ಲಿ ತೀರಿಕೊಂಡರು. ವೃತ್ತದ ಲೆಕ್ಕದ 'ಪೈ' ಚಿಹ್ನೆಯನ್ನು ಈಗಿನ ಅರ್ಥದಲ್ಲಿ 1706ರಲ್ಲಿ ಮೊದಲು ಬಳಸಿದ್ದು ಆಂಗಲ್‌ಸಿ ದ್ವೀಪದ ವಿಲಿಯಂ ಜೋನ್ಸ್. ಅವರ ಮಗನ ಹೆಸರೂ ವಿಲಿಯಂ ಜೋನ್ಸ್. ಮಗ ಹುಟ್ಟಿದ್ದು ಲಂಡನ್ನಿನಲ್ಲಿ, ಆದರೆ ನಮ್ಮ ದೇಶದ ಚರಿತ್ರೆಯಲ್ಲಿ ಅವರು ಬರುತ್ತಾರೆ. ಕಲ್ಕತ್ತೆಗೆ ಜಡ್ಜ್ ಆಗಿ ಬಂದು 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದವರು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬೇರಿನಿಂದ ಬಂದಿರಬೇಕು ಎಂದವರು ಅವರೇ.

ಇನ್ನು ಅನೈರಿನ್ ಬೆವನ್. ಟ್ರೆಡೀಗರ್ ಎಂಬ ಕಲ್ಲಿದ್ದಲಿನ ಊರಿನವರು, 13ನೇ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ ಇಳಿದವರು. ಆ ಊರಿನ ಕೂಲಿಕಾರರು ವಾರದ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಕೂಡಿಹಾಕಿ ತಮ್ಮದೇ ಡಾಕ್ಟರು, ಆಸ್ಪತ್ರೆ ಇಟ್ಟುಕೊಂಡಿದ್ದರು. ಮುಂದೆ ಮಂತ್ರಿಯಾದಾಗ ಬೆವನ್ ಅದನ್ನೇ ಇಡೀ ದೇಶದ ಮಟ್ಟಕ್ಕೆ ತಂದರು. 1948ರ ಜುಲೈ 5ರಂದು ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆ, ಶುರುವಾಯಿತು. ಬ್ರಿಟನ್ನಿನಲ್ಲಿ ಇವತ್ತಿಗೂ ಬಡವರು ಬಿಲ್‌ಗೆ ಹೆದರದೆ ಆಸ್ಪತ್ರೆಗೆ ಹೋಗುವುದು ಅದರಿಂದಲೇ.

ಆದರೆ ನನ್ನ ಮನಸ್ಸಿನಲ್ಲಿ ಉಳಿದವರು ಇವರಲ್ಲ. ಬಾಡಿಗೆ ಮನೆ ಹಿಡಿದ ಹೊಸತರಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಿಲ್ ಬಂತು, ನಮ್ಮಲ್ಲಿ ಮನೆ ಕಂದಾಯ ಇದ್ದ ಹಾಗೆ. ಎರಡು ಭಾಷೆಯಲ್ಲಿತ್ತು. ಒಂದು ಇಂಗ್ಲಿಷ್, ಇನ್ನೊಂದು ಅವರ ಭಾಷೆ, ಕಮ್ರೈಗ್. ನಾನು ಸುಮ್ನೆ ದುಡ್ಡು ಕಟ್ಟಿ ಕಾಗದ ಮಡಚಿಟ್ಟೆ. ಆ ಎರಡನೇ ಭಾಷೆಯ ಸಾಲುಗಳಿಗಾಗಿ ಒಂದು ಮನೆಯ ಸಾಮಾನೆಲ್ಲ ಹೋಗಿತ್ತು ಅಂತ ಪಕ್ಕದ ಮನೆಯ ಅಜ್ಜಿ ಹೇಳಿದ ಮೇಲೆ ಆ ಬಿಲ್ಲನ್ನು ಮತ್ತೆ ತೆಗೆದು ನೋಡಿದೆ.

ಆ ಮನೆ ಐಲೀನ್ ಬೀಸ್ಲಿ ಮತ್ತು ಟ್ರೆವರ್ ಬೀಸ್ಲಿಯವರದು. ಲಾಂಗೆನೆಖ್ ಎಂಬ ಹಳ್ಳಿ. ಆಕೆ ಟೀಚರ್ ಆಗಿದ್ದವರು, ಗಂಡ ಗಣಿ ಕಾರ್ಮಿಕ. 1952ರಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಬಂದ ತೆರಿಗೆ ನೋಟಿಸು ನೋಡಿ, ಇದನ್ನು ನಮ್ಮ ಭಾಷೆಯಲ್ಲಿ ಕಳಿಸಿ, ಕಟ್ಟುತ್ತೇವೆ ಎಂದರು. ಕೌನ್ಸಿಲ್ ಒಪ್ಪಲಿಲ್ಲ. ಸುತ್ತಲಿನ ಜನರಲ್ಲಿ ಹೆಚ್ಚಿನವರು ಆಡುತ್ತಿದ್ದದ್ದು ಅದೇ ಭಾಷೆ, ಇದು ನೆನಪಿರಲಿ. ಇವರು ಕಟ್ಟಲಿಲ್ಲ. ಕೋರ್ಟಿಗೆ ಹನ್ನೆರಡಕ್ಕೂ ಹೆಚ್ಚು ಸಲ ಎಳೆದರು. ಜಪ್ತಿಯವರು ಮತ್ತೆ ಮತ್ತೆ ಬಂದು ಪಿಯಾನೊ, ಕುರ್ಚಿ ಮೇಜು, ಮದುವೆಯ ಉಡುಗೊರೆ ಎಲ್ಲ ಹೊತ್ತುಕೊಂಡು ಹೋದರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಎಂಟು ವರ್ಷ ಹೀಗೇ ನಡೆಯಿತು. 1960ರಲ್ಲಿ ಎರಡೂ ಭಾಷೆಯ ನೋಟಿಸು ಬಂತು. ಲೆಕ್ಕದ ಚಿಹ್ನೆ ಕೊಟ್ಟವರು, ಮಂತ್ರಿಯಾದವರು ಎಲ್ಲ ದೊಡ್ಡವರೇ, ಆದರೆ ಖಾಲಿಯಾದ ಕೋಣೆಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಎಂಟು ವರ್ಷ ಒಂದೇ ಮಾತಿಗೆ ಅಂಟಿಕೊಂಡ ಐಲೀನ್ ಅವರನ್ನೇ ನಾನು ಎಲ್ಲರಿಗಿಂತ ಮೇಲೆ ಇಡುತ್ತೇನೆ.

ಈ ಹಠ ಎಲ್ಲಿಂದ ಬಂತು ಅಂದರೆ ಬಹಳ ಹಿಂದಕ್ಕೆ ಹೋಗಬೇಕು. 1536ರ ಕಾನೂನು ವೇಲ್ಸ್‌ನ ಕೋರ್ಟು ಕಚೇರಿಗಳಲ್ಲಿ ಇಂಗ್ಲಿಷ್ ಮಾತ್ರ ಎಂದಿತು. ಕಮ್ರೈಗ್ ಬರೀ ಮನೆಮಾತಾಗಿ ಉಳಿದು ಕೊನೆಗೆ ಅಳಿದು ಹೋಗಬಹುದಿತ್ತು. ಹಾಗಾಗದ ಹಾಗೆ ತಡೆದವರಲ್ಲಿ ಮೊದಲ ಹೆಸರು ವಿಲಿಯಂ ಮಾರ್ಗನ್. ಗುಡ್ಡಗಾಡಿನ ಒಂದು ಒಕ್ಕಲು ಮನೆಯ ಹುಡುಗ, ಕೇಂಬ್ರಿಜ್‌ನಲ್ಲಿ ಓದಿ ಪಾದ್ರಿಯಾದರು. 1588ರಲ್ಲಿ ಇಡೀ ಬೈಬಲನ್ನು ತಮ್ಮ ಭಾಷೆಗೆ ತಂದರು. ಅವರಿಗಿಂತ ಮುಂಚೆ ವಿಲಿಯಂ ಸಾಲ್ಸ್‌ಬರಿ ಅನ್ನುವವರು ಹೊಸ ಒಡಂಬಡಿಕೆಯನ್ನು ತಂದಿದ್ದರು, ಆದರೆ ಅವರ ಕಾಗುಣಿತ ವಿಚಿತ್ರ, ಓದಿದರೆ ಬಾಯಿಗೆ ಹತ್ತುತ್ತಿರಲಿಲ್ಲ. ಮಾರ್ಗನ್ ಬರೆದದ್ದು ಬಾಯಿಗೆ ಹತ್ತಿತು. ಭಾನುವಾರ ಚರ್ಚಿನಲ್ಲಿ ಕೂತ ರೈತನ ಕಿವಿಗೆ ವಾರ ವಾರ ಅದೇ ಭಾಷೆ ಬಿತ್ತು, ಬೇರೆ ಬೇರೆ ಸೀಮೆಯವರಿಗೆ ಬರೆಯಲು ಒಂದು ಮಾದರಿ ಸಿಕ್ಕಿತು. ಪೆನ್‌ಮಾಖ್ನೊ ಊರಿನ ಹತ್ತಿರ ಅವರು ಹುಟ್ಟಿದ ಜಾಗದಲ್ಲಿ ಹಳೆಯ ಕಲ್ಲಿನ ಮನೆ ಈಗಲೂ ಇದೆ.

ಓದಲು ಕಲಿಸಿದವರು ಗ್ರಿಫಿತ್ ಜೋನ್ಸ್. 1730ರ ದಶಕದಲ್ಲಿ ಓಡಾಡುವ ಶಾಲೆ ಶುರು ಮಾಡಿದರು. ಹೊಲದ ಕೆಲಸ ಕಡಿಮೆ ಇರುವ ಚಳಿಗಾಲದಲ್ಲಿ ಮೇಷ್ಟ್ರು ಒಂದು ಹಳ್ಳಿಗೆ ಬಂದು ಮೂರು ತಿಂಗಳು ಓದು ಕಲಿಸಿ ಮುಂದಿನ ಹಳ್ಳಿಗೆ ಹೋಗುವುದು. ಹಗಲು ಮಕ್ಕಳಿಗೆ, ರಾತ್ರಿ ದೊಡ್ಡವರಿಗೆ. 1761ರಲ್ಲಿ ಅವರು ಸಾಯುವ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಕಲಿತಿದ್ದರು ಎಂಬ ಅಂದಾಜಿದೆ. ಈ ಓದಿನ ಆಸೆ ಎಷ್ಟಿತ್ತು ಅಂದರೆ, 1800ರಲ್ಲಿ ಮೇರಿ ಜೋನ್ಸ್ ಎಂಬ 15 ವರ್ಷದ ಬಡ ಹುಡುಗಿ ವರ್ಷಗಟ್ಟಲೆ ಕಾಸು ಕೂಡಿಟ್ಟು, ತನ್ನದೇ ಒಂದು ಬೈಬಲ್ ಕೊಳ್ಳಲು ಬಾಲಾ ಊರಿಗೆ ಸುಮಾರು 40 ಕಿಲೋಮೀಟರ್ ನಡೆದೇ ಹೋದಳು.

ನಮ್ಮ ದೇಶಕ್ಕೆ ಇನ್ನೊಂದು ನಂಟು ಇದೆ. ಬಡಗಿಯ ಮಗ ಥಾಮಸ್ ಜೋನ್ಸ್ 1841ರಲ್ಲಿ ಮಿಷನರಿಯಾಗಿ ಚಿರಾಪುಂಜಿಗೆ ಬಂದರು. ಖಾಸಿ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯಲು ತಮ್ಮ ಊರಿನ ಕಾಗುಣಿತವನ್ನೇ ಅಳವಡಿಸಿದರು. ಕಮ್ರೈಗ್ ಅಕ್ಷರಮಾಲೆಯಲ್ಲಿ 'ಜಿ' ಆದ ಮೇಲೆ 'ಎನ್‌ಜಿ' ಎಂದು ಒಂದು ಅಕ್ಷರ ಬರುತ್ತದೆ, ಖಾಸಿಯಲ್ಲೂ ಹಾಗೇ. ಖಾಸಿ ನಾಡಗೀತೆಗೂ ವೇಲ್ಸ್‌ನ ನಾಡಗೀತೆಗೂ ರಾಗ ಒಂದೇ. ಶಿಲಾಂಗ್‌ನ ಗೆಳೆಯನೊಬ್ಬ ಹಾಡಿ ತೋರಿಸಿದಾಗ ನನಗೆ ರೋಮಾಂಚನವಾಯಿತು.

ವೇಲ್ಸ್‌ನ ರಾಜಕಾರಣಿ ಗ್ವಿನ್ವೊರ್ ಎವನ್ಸ್ ಬಗ್ಗೆಯೂ ಓದಿ. ಕಮ್ರೈಗ್ ಟಿವಿ ಚಾನೆಲ್ ಕೊಡುತ್ತೇವೆ ಎಂದ ಸರ್ಕಾರ ಮಾತು ತಪ್ಪಿದಾಗ, 1980ರಲ್ಲಿ ಸಾಯುವವರೆಗೆ ಉಪವಾಸ ಕೂರುತ್ತೇನೆ ಎಂದರು. ಸರ್ಕಾರ ಮಣಿಯಿತು, 1982ರಲ್ಲಿ ಚಾನೆಲ್ ಬಂತು. 2021ರ ಜನಗಣತಿಯಲ್ಲಿ ಕಮ್ರೈಗ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. ಅಷ್ಟು ಕಡಿಮೆ ಜನರಿಗೆ ತಮ್ಮದೇ ಟಿವಿ ಚಾನೆಲ್!

ಕೊನೆಯದಾಗಿ ಹೆದ್ ವಿನ್, ಇದು ಕಾವ್ಯನಾಮ. 14ಕ್ಕೆ ಶಾಲೆ ಬಿಟ್ಟು ತ್ರೌಸ್ವನಿದ್ ಹತ್ತಿರ ಅಪ್ಪನ ಜಮೀನಿನಲ್ಲಿ ಕುರಿ ಕಾಯುತ್ತಿದ್ದವರು. ತಮ್ಮನ ಬದಲು ತಾವೇ ಮೊದಲ ಮಹಾಯುದ್ಧಕ್ಕೆ ಹೋದರು. ಅವರಲ್ಲಿ ಐಸ್ತೆದ್ವೊದ್ ಅಂತ ಒಂದು ಸಾಹಿತ್ಯ ಜಾತ್ರೆ ನಡೆಯುತ್ತದೆ, ಗೆದ್ದ ಕವಿಗೆ ಬಹುಮಾನ ಒಂದು ಕೆತ್ತನೆಯ ಕುರ್ಚಿ. 1917ರ ಸೆಪ್ಟೆಂಬರ್ 6ರಂದು ತುತ್ತೂರಿ ಊದಿ ಗೆದ್ದವರನ್ನು ಕೂಗಿದರು. ಯಾರೂ ಏಳಲಿಲ್ಲ. ಮತ್ತೆ ಊದಿದರು. ಅವರು ಜುಲೈ 31ರಂದೇ ಬೆಲ್ಜಿಯಂನಲ್ಲಿ ಸತ್ತಿದ್ದರು, 30 ವರ್ಷ ವಯಸ್ಸು. ಖಾಲಿ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿ ಊರಿಗೆ ಕಳಿಸಿದರು. ಅದನ್ನು ಕೆತ್ತಿದ ಬಡಗಿ ಕೂಡ ಬೆಲ್ಜಿಯಂನಿಂದ ಓಡಿಬಂದ ನಿರಾಶ್ರಿತನೇ.

ನೀವು ಆ ಕಡೆ ಹೋಗುವುದಿದ್ದರೆ ಆ ತೋಟದ ಮನೆಗೆ ಹೋಗಿ ಬನ್ನಿ, ಅರ್ ಅಸ್ಗೂರ್ನ್ ಅಂತ ಹೆಸರು. ಕುರ್ಚಿ ಅಲ್ಲೇ ಇದೆ. ನೋಡಲು ಬಂದವರಿಗೆ ಬಾಗಿಲು ಮುಚ್ಚಬಾರದು ಅನ್ನುವುದು ಕವಿಯ ತಾಯಿಯ ಆಸೆಯಾಗಿತ್ತು. ಸೋದರಳಿಯ ಎಷ್ಟೋ ದಶಕ ಹಾಗೇ ನಡೆಸಿಕೊಂಡು ಬಂದ, 2012ರಲ್ಲಿ ರಾಷ್ಟ್ರೀಯ ಉದ್ಯಾನದವರು ಮನೆ ಕೊಂಡರು, ಈಗಲೂ ಜನ ಬರುತ್ತಾರೆ.